‘ಮ್ಯಾಚ್ ಆಯ್ತು’ ಅಂದರೆ ಸಾಕೇ?

ಮೂಡಲಪಾಳ್ಯದ ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಟೀವಿಯಲ್ಲಿ ಕ್ರೈಂ ಸೀರಿಯಲ್ ಓಡುತ್ತಿರಬೇಕು. ಮೊನ್ನೆ ಅದರಲ್ಲಿ ಇನ್‌ಸ್ಪೆಕ್ಟರ್ ‘ಡಿಎನ್‌ಎ ಮ್ಯಾಚ್ ಆಗಿದೆ’ ಎಂದದ್ದೇ ತಡ, ಅಜ್ಜಿ ಎದ್ದುಬಿಟ್ಟರು. ‘ಇನ್ನೂ ಕೋರ್ಟ್ ಸೀನ್ ಇದೆ, ಕೂತ್ಕೊ ಅಜ್ಜಿ’ ಎಂದೆ. ‘ಇನ್ನೇನೈತೆ ಮಗಾ, ರಕ್ತಾನೇ ಹೇಳ್ತಲ್ಲ’ ಎಂದರು.

ಮೊನ್ನೆಮೊನ್ನೆಯವರೆಗೆ ನಾನೂ ಹಾಗೇ ನಂಬಿದ್ದೆ. ಬಿ.ಇ. ನಾಲ್ಕನೇ ಸೆಮಿಸ್ಟರ್‌ನಲ್ಲಿ ನಮಗೆ ಬಯಾಲಜಿಯೂ ಒಂದು ವಿಷಯ. ‘ಕೋಡ್ ಬರೆಯೋರಿಗೆ ಜೀವಕೋಶ ಯಾಕೆ ಗುರೂ’ ಎಂದು ಕೊನೆಯ ಬೆಂಚಿನಲ್ಲಿ ಗೊಣಗುತ್ತಿದ್ದವರಲ್ಲಿ ನಾನೂ ಒಬ್ಬ. ಆದರೆ ಡಿಎನ್‌ಎ ಗುರುತಿನ ಪಾಠ ಓದುವಾಗ ಗೊತ್ತಾಯಿತು, ಇದು ಅರ್ಧ ಬಯಾಲಜಿಯಾದರೆ ಇನ್ನರ್ಧ ಪ್ರಾಬಬಿಲಿಟಿ.

ನಮ್ಮ ಡಿಎನ್‌ಎಯ ಕೆಲವು ಜಾಗಗಳಲ್ಲಿ ಒಂದು ಚಿಕ್ಕ ತುಣುಕು ಮತ್ತೆ ಮತ್ತೆ ಬರುತ್ತದೆ. ಒಬ್ಬರಲ್ಲಿ 8 ಸಲ, ಇನ್ನೊಬ್ಬರಲ್ಲಿ 11 ಸಲ. ಒಂದು ಎಣಿಕೆ ಅಮ್ಮನಿಂದ, ಒಂದು ಅಪ್ಪನಿಂದ. ಪ್ರಯೋಗಾಲಯದವರು ಓದುವುದು ಇಂಥ ಜಾಗಗಳನ್ನೇ. ಇವನ್ನು ಮಾರ್ಕರ್ ಎನ್ನುತ್ತಾರೆ. ಅಮೆರಿಕದ ಪೊಲೀಸ್ ದತ್ತಾಂಶದಲ್ಲಿ ಮೊದಲು 13 ಮಾರ್ಕರ್ ಬಳಸುತ್ತಿದ್ದರು, 2017ರಿಂದ 20.

ಎರಡು ಮಾದರಿಗಳ ಎಣಿಕೆ ಒಂದೇ ಆದರೆ ‘ಮ್ಯಾಚ್’. ಆದರೆ ಆ ಮ್ಯಾಚ್‌ಗೆ ಎಷ್ಟು ತೂಕ? ಆ ಎಣಿಕೆ ಎಷ್ಟು ಅಪರೂಪದ್ದು ಎಂಬುದರ ಮೇಲೆ ಅದು ನಿಂತಿದೆ. ಎಷ್ಟು ಅಪರೂಪ ಎಂಬುದು ಯಾವ ಜನರ ನಡುವೆ ಲೆಕ್ಕ ಹಾಕುತ್ತೀರಿ ಎಂಬುದರ ಮೇಲೆ ನಿಂತಿದೆ.

ನೋಟ್‌ಬುಕ್ಕಿನಲ್ಲಿ ಒಂದು ಲೆಕ್ಕ ಹಾಕಿ ನೋಡಿದೆ. ಅಂಕಿಗಳು ನಾನು ಊಹಿಸಿಕೊಂಡವು. ಒಂದು ಮಾರ್ಕರ್‌ನ ಎರಡೂ ಎಣಿಕೆಗಳು ತಲಾ ಹತ್ತರಲ್ಲಿ ಒಂದು ಪಾಲು ಸಿಗುತ್ತವೆ ಎನ್ನೋಣ. ಆ ಜೋಡಿ ಸಿಗುವ ಸಾಧ್ಯತೆ 50ರಲ್ಲಿ ಒಂದು. ಇಂಥ 5 ಮಾರ್ಕರ್ ಗುಣಿಸಿದರೆ ಸುಮಾರು 31 ಕೋಟಿಯಲ್ಲಿ ಒಬ್ಬರು. ಈಗ ಯಾವುದೋ ಒಂದು ಸಮುದಾಯದಲ್ಲಿ ಅದೇ ಎಣಿಕೆಗಳು ಐದರಲ್ಲಿ ಒಂದು ಪಾಲು ಇವೆ ಎಂದುಕೊಳ್ಳಿ. ಉತ್ತರ ಸುಮಾರು 3 ಲಕ್ಷದಲ್ಲಿ ಒಬ್ಬರಿಗೆ ಇಳಿಯುತ್ತದೆ! ಒಂದೇ ಡಿಎನ್‌ಎ, ಒಂದೇ ಮ್ಯಾಚ್. 31 ಕೋಟಿ ಎಲ್ಲಿ, 3 ಲಕ್ಷ ಎಲ್ಲಿ?

ಪೂರ್ತಿ 20 ಮಾರ್ಕರ್ ಸಿಕ್ಕರೆ ಈ ವ್ಯತ್ಯಾಸದಿಂದ ತೀರ್ಮಾನ ಬದಲಾಗುವುದು ಕಡಿಮೆ. ಸುಟ್ಟ, ಕೊಳೆತ ಮಾದರಿಯಲ್ಲಿ ನಾಲ್ಕೈದೇ ಉಳಿದಿದ್ದರೆ ಮಾತ್ರ ಅದು ಒಬ್ಬ ಮನುಷ್ಯನ ಜೈಲು-ಬಿಡುಗಡೆಯ ಪ್ರಶ್ನೆಯಾಗಬಹುದು.

ನಮ್ಮ ದೇಶದಲ್ಲಿ ಇದು ಇನ್ನೂ ಸೂಕ್ಷ್ಮ. ಹೈದರಾಬಾದಿನ ಸಿಸಿಎಂಬಿಯ ಕೆ. ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಅಮೆರಿಕದ ಡೇವಿಡ್ ರೈಕ್ ತಂಡ 25 ಸಮುದಾಯಗಳ 132 ಜನರ ಡಿಎನ್‌ಎ ಅಧ್ಯಯನ ಮಾಡಿ 2009ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಎಷ್ಟೋ ತಲೆಮಾರುಗಳಿಂದ ತಮ್ಮೊಳಗೇ ಮದುವೆಯಾಗುತ್ತ ಬಂದದ್ದರ ಗುರುತು ಹಲವು ಸಮುದಾಯಗಳಲ್ಲಿ ಎದ್ದು ಕಂಡಿತು. ಹಾಗೆಂದು ಈ ಮಾರ್ಕರ್‌ಗಳ ಮೇಲೆ ಯಾರ ಜಾತಿಯನ್ನೂ ಬರೆದಿಲ್ಲ. ಅವೇ ಎಣಿಕೆಗಳು ಎಲ್ಲ ಕಡೆಯೂ ಇವೆ, ಪಾಲು ಮಾತ್ರ ಬೇರೆ.

ಇದನ್ನು ಹೇಳಿದಾಗ ಅಜ್ಜಿ ನಕ್ಕರು. ‘ನಾನು ಮದ್ವೆ ಆಗಿದ್ದೂ ನಮ್ಮವ್ವನ ತಮ್ಮನ್ನೇ ಅಲ್ವಾ ಮಗಾ.’ ಹೌದಲ್ಲ! ಸೋದರಮಾವನನ್ನು ಮದುವೆಯಾದವರ ಮಕ್ಕಳಲ್ಲಿ ಒಂದು ಜಾಗದ ಎರಡೂ ಪ್ರತಿಗಳು ಒಬ್ಬರೇ ಹಿರಿಯರಿಂದ ಬಂದಿರುವ ಸಾಧ್ಯತೆ ಎಂಟರಲ್ಲಿ ಒಂದು. ಅಂದರೆ ನಮ್ಮಪ್ಪನೇ ಉದಾಹರಣೆ. ಸಾಮಾನ್ಯ ಸೂತ್ರ ತಂದೆ-ತಾಯಿ ಸಂಬಂಧಿಕರಲ್ಲ ಎಂದುಕೊಂಡು ಲೆಕ್ಕ ಹಾಕುತ್ತದೆ. ನಮ್ಮಂಥ ಮನೆಗಳಲ್ಲಿ ಮಗನೋ ಸೋದರಳಿಯನೋ ಎಂದು ಬೇರ್ಪಡಿಸುವುದು ಕಷ್ಟವಾಗುತ್ತದೆ. ಅದಕ್ಕೇ ತಜ್ಞರು ತಿದ್ದುಪಡಿ ಸೇರಿಸುತ್ತಾರೆ, ಹೆಚ್ಚು ಮಾರ್ಕರ್ ನೋಡುತ್ತಾರೆ, ಒಬ್ಬರ ಬದಲು ಇಬ್ಬರು ಮೂವರು ಬಂಧುಗಳ ರಕ್ತ ಕೇಳುತ್ತಾರೆ.

ಗುರುತು ಹಿಡಿಯುವ ಕೆಲಸ ಎಷ್ಟು ಭಾರವಾದದ್ದೆಂದು ಮಂಗಳೂರಿಗೆ ಗೊತ್ತು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು ಉರಿಯಿತು. ವಿಮಾನದಲ್ಲಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು. ಹೆಚ್ಚಿನವರು ದಕ್ಷಿಣ ಕನ್ನಡ, ಕಾಸರಗೋಡು ಕಡೆಯವರು. ಬಟ್ಟೆ, ಒಡವೆ ನೋಡಿ ಬಂಧುಗಳು ಎಷ್ಟೋ ದೇಹಗಳನ್ನು ಒಯ್ದರು. ಗುರುತೇ ಸಿಗದವುಗಳ ಮಾದರಿ ಹೈದರಾಬಾದಿನ ಸಿಡಿಎಫ್‌ಡಿ ಸಂಸ್ಥೆಗೆ ಹೋಯಿತು. ಕೆಲವರ ಗುರುತು ಸಿಕ್ಕಿತು. ಕೊನೆಗೂ ಗುರುತಾಗದ 12 ಮಂದಿಯನ್ನು ಕೂಳೂರು ಬಳಿ ಫಲ್ಗುಣಿ ನದಿಯ ದಡದಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ಮೊದಲ ಗಡಿಬಿಡಿಯಲ್ಲೇ ದೇಹಗಳು ಅದಲುಬದಲಾಗಿರಬಹುದೇ ಎಂಬ ಪ್ರಶ್ನೆಯೂ ಆಗ ಎದ್ದಿತ್ತು. ಯಂತ್ರ ಎಷ್ಟೇ ಚೆನ್ನಾಗಿರಲಿ, ಹೋಲಿಸಲು ಸರಿಯಾದ ಬಂಧುವಿನ ಮಾದರಿಯೇ ಎದುರಿಗಿಲ್ಲದಿದ್ದರೆ ಅದೇನು ಹೇಳೀತು?

ಇದನ್ನು ಕೇಳಿ ಅಜ್ಜಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಆ ಹನ್ನೆರಡು ಜನದ ಮನೆಯೋರು ಎಡೆ ಎಲ್ಲಿ ಇಡ್ತಾರೆ ಮಗಾ?’ ಎಂದರು. ನನ್ನ ಲೆಕ್ಕದ ನೋಟ್‌ಬುಕ್ಕಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ನಮ್ಮ ಬೆಂಗಳೂರಿನ ಮಡಿವಾಳದಲ್ಲೇ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ಕೆಲಸ ಹುಡುಕುತ್ತಿರುವ ಗೆಳೆಯರೇ, ಬಯಾಲಜಿ ಬಲ್ಲವರಷ್ಟೇ ಅಲ್ಲ, ಸ್ಟ್ಯಾಟಿಸ್ಟಿಕ್ಸ್, ಪ್ರೋಗ್ರಾಮಿಂಗ್ ಬಲ್ಲವರೂ ಈ ಕ್ಷೇತ್ರಕ್ಕೆ ಬೇಕು. ನಮ್ಮ ಜನರ ಮಾರ್ಕರ್‌ಗಳ ಲೆಕ್ಕವನ್ನು ನಮ್ಮವರೇ ಸರಿಯಾಗಿ ಹಾಕಬೇಕಲ್ಲವೇ?

ಕೆಲಸ ಬೇಡವಾದರೂ ಪರವಾಗಿಲ್ಲ. ಇನ್ನೊಮ್ಮೆ ಯಾರಾದರೂ ‘ಮ್ಯಾಚ್ ಆಯ್ತು’ ಎಂದರೆ ಎರಡು ಪ್ರಶ್ನೆ ಕೇಳಿ: ಎಷ್ಟು ಜನರಲ್ಲಿ ಒಬ್ಬರಿಗೆ? ಯಾವ ಜನರ ಲೆಕ್ಕದಲ್ಲಿ? ನಮ್ಮ ಅಜ್ಜಿಯಂತೂ ಈಗ ಕೋರ್ಟ್ ಸೀನ್ ಮುಗಿಯುವ ತನಕ ಟೀವಿ ಮುಂದಿನಿಂದ ಏಳುವುದಿಲ್ಲ.