ಮಿಷಿಗನ್ ಮತಪತ್ರದ ಹಾಲಿಗಳು, ಹುರಿಯಾಳುಗಳು

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಸಮಸಂಖ್ಯೆಯ ವರ್ಷಗಳ ನವೆಂಬರ್ ತಿಂಗಳಲ್ಲಿ ಸಾರ್ವತ್ರಿಕ ಚುನಾವಣೆ ನಡೆಯುತ್ತದೆ. ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೆ ಹೋಗುವವರು, ಇಡೀ ರಾಜ್ಯವೇ ಒಂದು ಕ್ಷೇತ್ರವಾಗಿ ಆರಿಸುವ ಪದಾಧಿಕಾರಿಗಳು, ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು, ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಯವರು, ಹೀಗೆ ಎಲ್ಲರ ಹೆಸರೂ ಒಂದೇ ಉದ್ದನೆಯ ಮತಪತ್ರದಲ್ಲಿರುತ್ತವೆ. ಅದರಲ್ಲಿ ಯಾರ ಹೆಸರು ಅಚ್ಚಾಗಬೇಕು ಎಂಬುದು ಮಾತ್ರ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ತಿಂಗಳುಗಳಲ್ಲೇ ಹೆಚ್ಚುಕಡಿಮೆ ತೀರ್ಮಾನವಾಗಿರುತ್ತದೆ. ಅಧಿಕಾರದಲ್ಲಿರುವ ಹಾಲಿ ಸದಸ್ಯರು ಪದವಿ ಕಳೆದುಕೊಳ್ಳುವುದಿದ್ದರೆ ಬಹುಪಾಲು ಆಗಲೇ ಕಳೆದುಕೊಳ್ಳುತ್ತಾರೆ. 2012ರಿಂದ 2024ರವರೆಗಿನ ಏಳು ಚುನಾವಣೆಗಳಲ್ಲಿ ಕಾಂಗ್ರೆಸ್ಸಿನ ಕೆಳಮನೆಯ ಹಾಲಿ ಸದಸ್ಯರೊಬ್ಬರು ನವೆಂಬರ್‌ನಲ್ಲಿ ಸೋತದ್ದು ಒಂದೇ ಸಲ. 2018ರಲ್ಲಿ ರಿಪಬ್ಲಿಕನ್ ಪಕ್ಷದ ಮೈಕ್ ಬಿಷಪ್, ಡೆಮಾಕ್ರಟಿಕ್ ಪಕ್ಷದ ಎಲಿಸಾ ಸ್ಲಾಟ್ಕಿನ್ ಎದುರು ಸೋತರು. ಅದೇ ಅವಧಿಯಲ್ಲಿ ನವೆಂಬರ್‌ಗೆ ಮೊದಲೇ ಕಣದಿಂದ ಹೊರಬಿದ್ದ ಹಾಲಿಗಳು ಐವರು.

ಕಾಂಗ್ರೆಸ್ಸಿನ ಕೆಳಮನೆಯಾದ ಜನಪ್ರತಿನಿಧಿ ಸಭೆಯಲ್ಲಿ ಮಿಷಿಗನ್‌ಗೆ ಈಗ 13 ಸ್ಥಾನಗಳಿವೆ. 1960 ಮತ್ತು 70ರ ದಶಕಗಳಲ್ಲಿ 19 ಇದ್ದವು. ಕಾರು ಕಾರ್ಖಾನೆಗಳ ಕಾಲ ಇಳಿಮುಖವಾದಂತೆ ಜನಸಂಖ್ಯೆಯ ಬೆಳವಣಿಗೆ ದೇಶದ ಉಳಿದ ಭಾಗಕ್ಕಿಂತ ಹಿಂದೆ ಬಿದ್ದಿತು. ಜನಗಣತಿಯಾದಾಗಲೆಲ್ಲ ಸ್ಥಾನಗಳು ಕರಗುತ್ತ ಬಂದವು. ಕೆಳಮನೆಯ ಅವಧಿ ಎರಡೇ ವರ್ಷ. ಸೆನೆಟ್‌ಗೆ ಎಲ್ಲ ರಾಜ್ಯಗಳಂತೆ ಇಬ್ಬರು, ಅವಧಿ ಆರು ವರ್ಷ. ಗವರ್ನರ್ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ, ಅಧ್ಯಕ್ಷೀಯ ಚುನಾವಣೆ ಇಲ್ಲದ ವರ್ಷದಲ್ಲಿ ಬರುತ್ತದೆ. ಅಧಿಕಾರದ ದೃಷ್ಟಿಯಿಂದ ಅಲ್ಲಿನ ಗವರ್ನರ್ ನಮ್ಮ ಮುಖ್ಯಮಂತ್ರಿಯ ಸ್ಥಾನದಲ್ಲಿರುವವರು. ಲೆಫ್ಟಿನೆಂಟ್ ಗವರ್ನರ್ ಅವರ ಜೋಡಿಯಾಗಿಯೇ ಸ್ಪರ್ಧಿಸುತ್ತಾರೆ. ಅದೇ ವರ್ಷ ರಾಜ್ಯ ಕಾರ್ಯದರ್ಶಿ ಮತ್ತು ಅಟಾರ್ನಿ ಜನರಲ್ ಹುದ್ದೆಗಳಿಗೂ ಮತದಾನ ನಡೆಯುತ್ತದೆ. ರಾಜ್ಯ ಕಾರ್ಯದರ್ಶಿಯ ಇಲಾಖೆಯೇ ಚುನಾವಣೆ ನಡೆಸುತ್ತದೆ, ವಾಹನ ಚಾಲನಾ ಪರವಾನಗಿಯನ್ನೂ ಅದೇ ಕೊಡುತ್ತದೆ.

ಮತಪತ್ರದ ದಾರಿಯ ಮೊದಲ ಮೆಟ್ಟಿಲು ಸಹಿ ಸಂಗ್ರಹ. ಪ್ರಮುಖ ಪಕ್ಷದಿಂದ ಗವರ್ನರ್ ಅಥವಾ ಸೆನೆಟ್ ಸ್ಥಾನ ಬಯಸುವವರು ಮತದಾರರ 15,000 ಸಿಂಧುವಾದ ಸಹಿಗಳನ್ನು ಸಲ್ಲಿಸಬೇಕು. ಕೆಳಮನೆಗೆ 1,000 ಸಾಕು. ನಿಯಮ ಸರಳವಾಗಿಯೇ ಇದೆ, ಆದರೆ ಘಟಾನುಘಟಿಗಳು ಎಡವಿದ್ದೂ ಇಲ್ಲಿಯೇ. 2022ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಹತ್ತು ಮಂದಿ ಗವರ್ನರ್ ಆಗಲು ಸಹಿ ಸಲ್ಲಿಸಿದರು. ಚುನಾವಣಾ ಇಲಾಖೆ ಹಾಳೆಗಳನ್ನು ಪರಿಶೀಲಿಸಿದಾಗ ಒಂದೇ ಕೈಬರಹದ ಅಕ್ಷರಗಳು ಬೇರೆ ಬೇರೆ ಹೆಸರುಗಳ ಮುಂದೆ ಕಂಡವು. ಮೇಜಿನ ಸುತ್ತ ಕೂತವರು ಹಾಳೆಯನ್ನು ಕೈಯಿಂದ ಕೈಗೆ ದಾಟಿಸುತ್ತ, ತಲಾ ಒಂದೊಂದು ಸಾಲು ತುಂಬಿದಂತಹ ಪುಟಗಳಿದ್ದವು. ಸತ್ತವರ ಹೆಸರುಗಳೂ ಇದ್ದವು. ಬೀದಿ ಬೀದಿ ಸುತ್ತಿ ಬಂದ ಕಾಗದ ಸುಕ್ಕಾಗಿರಬೇಕು, ಮಡಿಕೆ ಬಿದ್ದಿರಬೇಕು. ಕೆಲವು ಹಾಳೆಗಳಿಗೆ ಅಂಥ ಗುರುತೇ ಇರಲಿಲ್ಲ. ಎಲ್ಲ ಹುದ್ದೆಗಳ ಅರ್ಜಿಗಳಲ್ಲಿ ಒಟ್ಟು 36 ಸಂಗ್ರಾಹಕರು ಕನಿಷ್ಠ 68,000 ನಕಲಿ ಸಹಿ ಹಾಕಿದ್ದಾರೆಂದು ಇಲಾಖೆ ವರದಿ ಕೊಟ್ಟಿತು. ಇಬ್ಬರು ಡೆಮಾಕ್ರಟರು, ಇಬ್ಬರು ರಿಪಬ್ಲಿಕನ್ನರು ಇರುವ ರಾಜ್ಯ ಪರಿಶೀಲನಾ ಮಂಡಳಿಯಲ್ಲಿ ಮತ ಎರಡಕ್ಕೆರಡಾಗಿ ಒಡೆಯಿತು. ಬಹುಮತ ಸಿಗದ್ದರಿಂದ ಆ ಅಭ್ಯರ್ಥಿಗಳಿಗೆ ಮತಪತ್ರದಲ್ಲಿ ಜಾಗ ಸಿಗಲಿಲ್ಲ. ಡೆಟ್ರಾಯಿಟ್‌ನ ಮಾಜಿ ಪೊಲೀಸ್ ಮುಖ್ಯಸ್ಥ ಜೇಮ್ಸ್ ಕ್ರೇಗ್, ಉದ್ಯಮಿ ಪೆರಿ ಜಾನ್ಸನ್ ಸೇರಿ ಐವರು ಕಣದಿಂದ ಹೊರಗುಳಿದರು. ಉಳಿದ ಐವರಲ್ಲಿ ಗೆದ್ದ ಟ್ಯೂಡರ್ ಡಿಕ್ಸನ್ ನವೆಂಬರ್‌ನಲ್ಲಿ ಹಾಲಿ ಗವರ್ನರ್ ಗ್ರೆಚೆನ್ ವಿಟ್ಮರ್ ಎದುರು ಶೇ 10ಕ್ಕೂ ಹೆಚ್ಚು ಅಂತರದಲ್ಲಿ ಸೋತರು. ಮತಕ್ಕೆ ಮೊದಲೇ ಪಕ್ಷದ ಅರ್ಧ ಪಡೆ ಮಾಯವಾದದ್ದು ವಿಟ್ಮರ್ ಅವರಿಗೆ ತಾನಾಗಿ ಒದಗಿದ ಅನುಕೂಲ.

ಹಾಲಿ ಸದಸ್ಯರಿಗೂ ಈ ನಿಯಮದಲ್ಲಿ ರಿಯಾಯಿತಿ ಇಲ್ಲ. 2012ರಲ್ಲಿ ರಿಪಬ್ಲಿಕನ್ ಸದಸ್ಯ ಥ್ಯಾಡಿಯಸ್ ಮೆಕಾಟರ್ ಅವರ ಕಚೇರಿಯವರು ಹಳೆಯ ಚುನಾವಣೆಯ ಸಹಿ ಹಾಳೆಗಳನ್ನೇ ನಕಲು ಮಾಡಿ, ದಿನಾಂಕ ಬದಲಿಸಿ ಸಲ್ಲಿಸಿದ್ದು ಬಯಲಾಯಿತು. ಪರಿಶೀಲನೆಯಲ್ಲಿ ನಿಂತವು 244 ಸಹಿಗಳು ಮಾತ್ರ. ಅವರು ಜುಲೈನಲ್ಲಿ ರಾಜೀನಾಮೆ ಕೊಟ್ಟರು. 1965ರಿಂದ ಡೆಟ್ರಾಯಿಟ್‌ನ ಸದಸ್ಯರಾಗಿದ್ದ ಜಾನ್ ಕಾನಿಯರ್ಸ್ 2014ರಲ್ಲಿ ಇದೇ ಗಂಡಾಂತರದ ಅಂಚಿಗೆ ಬಂದರು. ಸಹಿ ಸಂಗ್ರಹಿಸಿದ ಕೆಲವರು ನೋಂದಾಯಿತ ಮತದಾರರಲ್ಲ ಎಂಬ ಕಾರಣಕ್ಕೆ ಅವರ ಹೆಸರನ್ನು ಕೈಬಿಡಲಾಗಿತ್ತು. ಫೆಡರಲ್ ನ್ಯಾಯಾಧೀಶರ ಆದೇಶದಿಂದ ಮರಳಿ ಸೇರಿತು.

ಎರಡನೆಯ ಮೆಟ್ಟಿಲು ಆಗಸ್ಟ್ ತಿಂಗಳ ಪ್ರಾಥಮಿಕ ಚುನಾವಣೆ. ಇಲ್ಲಿ ಬಿ ಫಾರಂ ಕೊಡುವ ಹೈಕಮಾಂಡ್ ಇಲ್ಲ. ಪಕ್ಷದ ಅಭ್ಯರ್ಥಿ ಯಾರೆಂಬುದನ್ನು ಮತದಾರರೇ ಹೇಳುತ್ತಾರೆ. ಮಿಷಿಗನ್‌ನಲ್ಲಿ ಮತದಾರರು ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಳ್ಳಬೇಕಾಗಿಯೂ ಇಲ್ಲ. ಮತಗಟ್ಟೆಯೊಳಗೆ ಯಾವುದಾದರೂ ಒಂದು ಪಕ್ಷದ ಕಾಲಂ ಆರಿಸಿಕೊಂಡರಾಯಿತು, ಎರಡೂ ಕಾಲಂಗಳಲ್ಲಿ ಗುರುತು ಹಾಕಿದರೆ ಆ ಭಾಗದ ಮತ ಕುಲಗೆಡುತ್ತದೆ. ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕೆಂದಿಲ್ಲ, ಎಲ್ಲರಿಗಿಂತ ಹೆಚ್ಚು ಬಂದರೆ ಸಾಕು. ಆದ್ದರಿಂದ ಕಣದಲ್ಲಿ ಎಷ್ಟು ಜನ ಇದ್ದಾರೆ ಎಂಬುದೇ ಫಲಿತಾಂಶವನ್ನು ತಿರುಗಿಸಬಲ್ಲದು. ಇದಕ್ಕೆ 2018ರ ಡೆಟ್ರಾಯಿಟ್‌ಗಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಲೈಂಗಿಕ ಕಿರುಕುಳದ ಆರೋಪಗಳ ನಡುವೆ ಕಾನಿಯರ್ಸ್ ಹಿಂದಿನ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟಿದ್ದರು. ಉಳಿದ ಕೆಲವು ವಾರಗಳ ಅವಧಿಗೆ ಒಂದು, ಮುಂದಿನ ಪೂರ್ಣ ಅವಧಿಗೆ ಇನ್ನೊಂದು, ಹೀಗೆ ಎರಡು ಪ್ರಾಥಮಿಕ ಚುನಾವಣೆಗಳು ಒಂದೇ ದಿನ, ಒಂದೇ ಕ್ಷೇತ್ರದಲ್ಲಿ ನಡೆದವು. ಮೊದಲನೆಯದರಲ್ಲಿ ನಾಲ್ವರಿದ್ದರು, ಬ್ರೆಂಡಾ ಜೋನ್ಸ್ ಗೆದ್ದರು. ಎರಡನೆಯದರಲ್ಲಿ ಆರು ಮಂದಿಯಿದ್ದು ಮತ ಹಂಚಿಹೋಯಿತು, ರಶೀದಾ ತಲೈಬ್ ಗೆದ್ದರು. ಜೋನ್ಸ್ ನವೆಂಬರ್ ಕೊನೆಯಿಂದ ಜನವರಿ 3ರವರೆಗೆ ಸದಸ್ಯರಾಗಿದ್ದರು. ತಲೈಬ್ ಈಗಲೂ ಕಾಂಗ್ರೆಸ್ಸಿನಲ್ಲಿದ್ದಾರೆ.

ಕರ್ನಾಟಕದಲ್ಲಿ ಹುಟ್ಟಿದ ಶ್ರೀ ಠಾಣೇದಾರ್ ಕಾಂಗ್ರೆಸ್ ತಲುಪಿದ್ದೂ ಇದೇ ಬಾಗಿಲಿನಿಂದ. 1955ರಲ್ಲಿ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ, ಮರಾಠಿ ಮನೆಮಾತಿನ ಠಾಣೇದಾರ್ 1979ರಲ್ಲಿ ಅಮೆರಿಕಕ್ಕೆ ಹೋಗಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು, ನಂತರ ಪ್ರಯೋಗಾಲಯ ಉದ್ಯಮ ಕಟ್ಟಿದರು. 2018ರಲ್ಲಿ ಒಂದು ಕೋಟಿ ಡಾಲರಿಗೂ ಹೆಚ್ಚು ಸ್ವಂತ ಹಣ ಸುರಿದು ಡೆಮಾಕ್ರಟಿಕ್ ಪಕ್ಷದಿಂದ ಗವರ್ನರ್ ಆಗಲು ಹೊರಟು ಮೂರನೆಯ ಸ್ಥಾನಕ್ಕೆ ತೃಪ್ತಿಪಟ್ಟರು. 2020ರಲ್ಲಿ ರಾಜ್ಯದ ಕೆಳಮನೆಗೆ ಆರಿಸಿಬಂದರು. 2022ರಲ್ಲಿ ಡೆಟ್ರಾಯಿಟ್‌ನ 13ನೇ ಕ್ಷೇತ್ರದ ಪ್ರಾಥಮಿಕ ಚುನಾವಣೆಯಲ್ಲಿ ಒಂಬತ್ತು ಮಂದಿ ಇದ್ದರು. ಅವರಿಗೆ ಬಂದದ್ದು ಸುಮಾರು ಶೇ 28. ಡೆಮಾಕ್ರಟರ ಭದ್ರಕೋಟೆಯಲ್ಲಿ ಆಗಸ್ಟ್ ಗೆದ್ದವರಿಗೆ ನವೆಂಬರ್ ಕಷ್ಟವಲ್ಲ. ಅವರ ಗೆಲುವಿನೊಂದಿಗೆ, ಕಪ್ಪು ಜನರೇ ಬಹುಸಂಖ್ಯಾತರಾದ ಡೆಟ್ರಾಯಿಟ್ ನಗರಕ್ಕೆ 1955ರ ನಂತರ ಮೊದಲ ಬಾರಿಗೆ ಕಾಂಗ್ರೆಸ್ಸಿನಲ್ಲಿ ಕಪ್ಪು ಪ್ರತಿನಿಧಿ ಇಲ್ಲದಂತಾಯಿತು. ಮತ ಒಡೆದರೆ ಒಂದು ಸಮುದಾಯದ ದನಿ ಹೇಗೆ ಕೈತಪ್ಪುತ್ತದೆ ಎಂಬುದು ಅಲ್ಲಿ ಇನ್ನೂ ನೋವಿನ ಚರ್ಚೆ. 2024ರಲ್ಲಿ ಅವರ ಪ್ರಬಲ ಎದುರಾಳಿ ಆಡಮ್ ಹೊಲಿಯರ್ ಸಾಕಷ್ಟು ಸಿಂಧು ಸಹಿಗಳಿಲ್ಲದೆ ಕಣದಿಂದ ಹೊರಬಿದ್ದರು, ಹಾಲಿ ಸದಸ್ಯರು ಸಲೀಸಾಗಿ ಮರಳಿದರು.

ಪಶ್ಚಿಮದ ಗ್ರ್ಯಾಂಡ್ ರ‍್ಯಾಪಿಡ್ಸ್ ಕಡೆಯ ಪೀಟರ್ ಮೈಯರ್ ಕತೆ ಬೇರೆ. ಈ ರಿಪಬ್ಲಿಕನ್ ಸದಸ್ಯ ಪ್ರಮಾಣವಚನ ಸ್ವೀಕರಿಸಿದ ಹತ್ತನೇ ದಿನ, 2021ರ ಜನವರಿ 13ರಂದು, ತಮ್ಮದೇ ಪಕ್ಷದ ಅಧ್ಯಕ್ಷ ಟ್ರಂಪ್ ವಿರುದ್ಧದ ಮಹಾಭಿಯೋಗದ ಪರ ಮತ ಹಾಕಿದರು. ಮರುವರ್ಷ ಆಗಸ್ಟ್‌ನಲ್ಲಿ ಟ್ರಂಪ್ ಬೆಂಬಲಿತ ಜಾನ್ ಗಿಬ್ಸ್ ಎದುರು ಮೈಯರ್ ಸೋತರು. ನವೆಂಬರ್‌ನಲ್ಲಿ ಗಿಬ್ಸ್ ಸೋತು ಡೆಮಾಕ್ರಟ್ ಹಿಲರಿ ಸ್ಕಾಲ್ಟನ್ ಗೆದ್ದರು. ಹಾಲಿ ಸದಸ್ಯನನ್ನು ಶಿಕ್ಷಿಸಲು ಹೋದ ಪಕ್ಷ ಕ್ಷೇತ್ರವನ್ನೇ ಕಳೆದುಕೊಂಡಿತು.

ಹಾಲಿಗಳನ್ನು ಅಲುಗಾಡಿಸುವ ಮತ್ತೊಂದು ಸಂಗತಿ ಕ್ಷೇತ್ರ ಮರುವಿಂಗಡಣೆ. ಹಿಂದೆ ಗಡಿಗಳನ್ನು ಶಾಸಕರೇ ಎಳೆಯುತ್ತಿದ್ದರು. 2012ರಲ್ಲಿ ಹಾಗೆ ಎಳೆದ ಗೆರೆಗಳಿಂದ ಇಬ್ಬರು ಹಾಲಿ ಡೆಮಾಕ್ರಟರಾದ ಗ್ಯಾರಿ ಪೀಟರ್ಸ್ ಮತ್ತು ಹ್ಯಾನ್ಸನ್ ಕ್ಲಾರ್ಕ್ ಒಂದೇ ಕ್ಷೇತ್ರದಲ್ಲಿ ಎದುರಾಗಿ, ಕ್ಲಾರ್ಕ್ ಸೋತರು. 2018ರಲ್ಲಿ ಮತದಾರರು ಸಂವಿಧಾನಕ್ಕೆ ತಿದ್ದುಪಡಿ ತಂದು ಈ ಅಧಿಕಾರವನ್ನು ನಾಗರಿಕರ ಆಯೋಗಕ್ಕೆ ಕೊಟ್ಟರು. ಅದರಲ್ಲಿ ಹದಿಮೂರು ಜನ: ನಾಲ್ವರು ಡೆಮಾಕ್ರಟರು, ನಾಲ್ವರು ರಿಪಬ್ಲಿಕನ್ನರು, ಯಾವ ಪಕ್ಷಕ್ಕೂ ಸೇರದ ಐವರು. ಹಾಲಿ ಸದಸ್ಯರ ಅನುಕೂಲ ನೋಡಿ ಗೆರೆ ಎಳೆಯಬಾರದು ಎಂಬುದು ಅವರಿಗಿರುವ ಷರತ್ತು. ಆಯೋಗ ಎಳೆದ ಗೆರೆಗಳು 2022ರಲ್ಲಿ ಜಾರಿಗೆ ಬಂದಾಗ 1987ರಿಂದ ಸದಸ್ಯರಾಗಿದ್ದ ಫ್ರೆಡ್ ಅಪ್ಟನ್ ನಿವೃತ್ತರಾದರು. ಹಾಲಿ ಡೆಮಾಕ್ರಟರಾದ ಹೇಲಿ ಸ್ಟೀವನ್ಸ್ ಮತ್ತು ಆಂಡಿ ಲೆವಿನ್ ಒಂದೇ ಕ್ಷೇತ್ರಕ್ಕೆ ಕಟ್ಟುಬಿದ್ದು, ಲೆವಿನ್ ಸೋತರು. ಅವರ ಚಿಕ್ಕಪ್ಪ ಕಾರ್ಲ್ ಲೆವಿನ್ 36 ವರ್ಷ ಸೆನೆಟರ್, ತಂದೆ ಸ್ಯಾಂಡರ್ ಲೆವಿನ್ 36 ವರ್ಷ ಕೆಳಮನೆಯ ಸದಸ್ಯರು. 1979ರಿಂದ ಕಾಂಗ್ರೆಸ್ಸಿನಲ್ಲಿದ್ದ ಮನೆತನದ ಹೆಸರು ಅಲ್ಲಿಗೆ ಅಳಿಯಿತು. ಈ ಆಯೋಗ ಮಿಷಿಗನ್ ಪ್ರಜಾಪ್ರಭುತ್ವಕ್ಕೆ ಮಾಡಿದ ದೊಡ್ಡ ಉಪಕಾರವೇ ಸರಿ. ಅದು ಎಳೆದ 10ನೇ ಕ್ಷೇತ್ರ 2022ರಲ್ಲಿ ತೀರ್ಮಾನವಾದದ್ದು ಸುಮಾರು 1,600 ಮತಗಳ ಅಂತರದಲ್ಲಿ.

ಎಷ್ಟು ಕಾಲ ಪದವಿಯಲ್ಲಿರಬಹುದು ಎಂಬ ಪ್ರಶ್ನೆಗೆ ರಾಜ್ಯಕ್ಕೊಂದು, ಕಾಂಗ್ರೆಸ್ಸಿಗೊಂದು ಉತ್ತರವಿದೆ. 1992ರಲ್ಲಿ ಮಿಷಿಗನ್ ಮತದಾರರು ರಾಜ್ಯದ ಪದಾಧಿಕಾರಿಗಳಿಗೂ ಕಾಂಗ್ರೆಸ್ ಸದಸ್ಯರಿಗೂ ಒಟ್ಟಿಗೇ ಅವಧಿ ಮಿತಿ ಹೇರಿದರು. ಕಾಂಗ್ರೆಸ್ ಸದಸ್ಯರಿಗೆ ರಾಜ್ಯಗಳು ಮಿತಿ ಹಾಕುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1995ರಲ್ಲಿ ಅರ್ಕನ್ಸಾಸ್ ಪ್ರಕರಣದಲ್ಲಿ ತೀರ್ಪು ಕೊಟ್ಟದ್ದರಿಂದ ರಾಜ್ಯದ ಭಾಗವಷ್ಟೇ ಉಳಿಯಿತು. ಗವರ್ನರ್, ರಾಜ್ಯ ಕಾರ್ಯದರ್ಶಿ, ಅಟಾರ್ನಿ ಜನರಲ್ ಎರಡು ಅವಧಿಗೆ ಮನೆಗೆ ಹೋಗಲೇಬೇಕು. ಕಾಂಗ್ರೆಸ್ಸಿನಲ್ಲಾದರೋ ಜಾನ್ ಡಿಂಗೆಲ್ 1955ರಿಂದ 2015ರ ಜನವರಿವರೆಗೆ, 59 ವರ್ಷಕ್ಕೂ ಹೆಚ್ಚು ಕಾಲ ಕುಳಿತರು. ಅಷ್ಟು ದೀರ್ಘ ಸೇವೆ ಕಾಂಗ್ರೆಸ್ಸಿನ ಇತಿಹಾಸದಲ್ಲೇ ಬೇರೆ ಇಲ್ಲ. ಅವರಿಗಿಂತ ಮೊದಲು 1933ರಿಂದ ತಂದೆ ಇದ್ದರು, ನಂತರ ಪತ್ನಿ ಡೆಬಿ ಡಿಂಗೆಲ್ ಬಂದರು.

ರಾಜ್ಯ ಕಾರ್ಯದರ್ಶಿ ಮತ್ತು ಅಟಾರ್ನಿ ಜನರಲ್ ಅಭ್ಯರ್ಥಿಗಳು ಮಾತ್ರ ಪ್ರಾಥಮಿಕ ಚುನಾವಣೆಯಿಂದ ಬರುವುದಿಲ್ಲ, ಪಕ್ಷದ ಸಮ್ಮೇಳನದಿಂದ ಬರುತ್ತಾರೆ. ಅಲ್ಲಿ ಕೂಡುವವರು ಕಟ್ಟಾ ಕಾರ್ಯಕರ್ತರು. 2022ರಲ್ಲಿ ರಿಪಬ್ಲಿಕನ್ ಸಮ್ಮೇಳನ ಆರಿಸಿದ ಕ್ರಿಸ್ಟೀನಾ ಕರಾಮೊ ಮತ್ತು ಮ್ಯಾಥ್ಯೂ ಡಿಪರ್ನೊ, ಹಾಲಿಗಳಾದ ಜೋಸ್ಲಿನ್ ಬೆನ್ಸನ್ ಮತ್ತು ಡೇನಾ ನೆಸೆಲ್ ಎದುರು ನಿಚ್ಚಳವಾಗಿ ಸೋತರು. ಸುಪ್ರೀಂ ಕೋರ್ಟ್ ಅಭ್ಯರ್ಥಿಗಳನ್ನೂ ಸಮ್ಮೇಳನಗಳೇ ಸೂಚಿಸುತ್ತವೆ, ಆದರೆ ಮತಪತ್ರದಲ್ಲಿ ಪಕ್ಷದ ಹೆಸರಿರುವುದಿಲ್ಲ. ಅದರ ಬದಲು ಹಾಲಿ ನ್ಯಾಯಮೂರ್ತಿಯ ಹೆಸರಿನ ಕೆಳಗೆ ಅವರ ಪದವಿಯನ್ನು ಅಚ್ಚು ಹಾಕಬೇಕೆಂದು ರಾಜ್ಯದ ಸಂವಿಧಾನವೇ ಹೇಳುತ್ತದೆ. ನ್ಯಾಯಾಂಗದ ಹೊರಗೆ ಯಾವ ಹಾಲಿಗೂ ಇಷ್ಟು ನೇರವಾದ ನೆರವಿಲ್ಲ. ಹೀಗಿದ್ದೂ 2008ರಲ್ಲಿ ಹಾಲಿ ಮುಖ್ಯ ನ್ಯಾಯಮೂರ್ತಿ ಕ್ಲಿಫರ್ಡ್ ಟೇಲರ್ ಸೋತರು.

ನವೆಂಬರ್ ಮತದಾನದಲ್ಲಿ ಹಾಲಿ ಗವರ್ನರ್ ಸೋತದ್ದು 1990ರಲ್ಲಿ ಕೊನೆ. ಜೇಮ್ಸ್ ಬ್ಲಾಂಚರ್ಡ್ ಅವರನ್ನು ಜಾನ್ ಎಂಗ್ಲರ್ 18,000ಕ್ಕೂ ಕಡಿಮೆ ಮತಗಳಿಂದ ಮಣಿಸಿದರು. ಈಗ ನವೆಂಬರ್ ಬಿರುಸಾಗುವುದು ಹಾಲಿಗಳಿಲ್ಲದ ಖಾಲಿ ಸ್ಥಾನಗಳಲ್ಲಿ. 2024ರಲ್ಲಿ ಡೆಬಿ ಸ್ಟಾಬೆನೊ ತೆರವು ಮಾಡಿದ ಸೆನೆಟ್ ಸ್ಥಾನವನ್ನು ಸ್ಲಾಟ್ಕಿನ್ ಸುಮಾರು 19,000 ಮತಗಳಿಂದ ಗೆದ್ದರು, ಅವರು ಬಿಟ್ಟ ಕೆಳಮನೆ ಸ್ಥಾನ ರಿಪಬ್ಲಿಕನ್ ಟಾಮ್ ಬ್ಯಾರೆಟ್ ಪಾಲಾಯಿತು. ಅದರಿಂದ ಕಾಂಗ್ರೆಸ್ಸಿನ ಕೆಳಮನೆಯಲ್ಲಿ ರಾಜ್ಯದ ಬಲಾಬಲ ರಿಪಬ್ಲಿಕನ್ 7, ಡೆಮಾಕ್ರಟಿಕ್ 6 ಎಂದು ತಿರುಗಿತು.

2026ರಲ್ಲಿ ವಿಟ್ಮರ್, ಬೆನ್ಸನ್, ನೆಸೆಲ್ ಮೂವರ ಎರಡನೆಯ ಅವಧಿಯೂ ಮುಗಿಯುವುದರಿಂದ ಆ ಹುದ್ದೆಗಳಿಗೆ ಅವರು ಮತ್ತೆ ನಿಲ್ಲುವಂತಿಲ್ಲ. ಸೆನೆಟರ್ ಗ್ಯಾರಿ ಪೀಟರ್ಸ್ ತಾವಾಗಿಯೇ ಹಿಂದೆ ಸರಿದಿದ್ದಾರೆ. 2027ರ ಜನವರಿ 1ರಂದು ರಾಜ್ಯದ ಮೂರೂ ಉನ್ನತ ಹುದ್ದೆಗಳಿಗೆ, 3ರಂದು ಪೀಟರ್ಸ್ ಅವರ ಸೆನೆಟ್ ಸ್ಥಾನಕ್ಕೆ ಹೊಸಬರು ಬರುತ್ತಾರೆ.