‘ಗೋ’ ಮುಂದೆ ‘ಟು’ ಬಂದ ಬಗೆ

‘ಐ ಕ್ಯಾನ್ ಟು ಗೋ’ ಎಂದು ಬರೆದ ಹುಡುಗಿಯ ನೋಟ್‌ಬುಕ್ಕಿನಲ್ಲಿ ಕೆಂಪು ಗೀಟು ಬೀಳುತ್ತದೆ. ‘ಟು ಗೋ’ ಎಂದರೆ ‘ಹೋಗು’ ಎಂದು ಬಾಯಿಪಾಠ ಮಾಡಿಸಿದ್ದರು. ಕಲಿತದ್ದನ್ನು ಅವಳು ಇಡಿಯಾಗಿ ಎತ್ತಿ ಅಲ್ಲಿಟ್ಟಳು, ಅಷ್ಟೆ.

ಕ್ರಿಯಾಪದವನ್ನು ‘ಟು’ ಸಮೇತ ಕರೆಯುವ ಈ ರೂಢಿ ಬಂದದ್ದಾದರೂ ಎಲ್ಲಿಂದ?

ಸಾವಿರ ವರ್ಷ ಹಿಂದಿನ ಇಂಗ್ಲಿಷಿನಲ್ಲಿ ‘ಡ್ರಿಂಕನ್’ ಎಂದರೆ ಸಾಕಿತ್ತು. ಅದು ಕುಡಿಯುವ ಕ್ರಿಯೆಯ ಹೆಸರು ಎಂಬುದನ್ನು ಕೊನೆಯ ‘ಅನ್’ ಪ್ರತ್ಯಯವೇ ಹೇಳುತ್ತಿತ್ತು. ಉದ್ದೇಶ ತಿಳಿಸಬೇಕಾದಾಗ ‘ಟೊ ಡ್ರಿಂಕೆನ್ನೆ’ ಎನ್ನುತ್ತಿದ್ದರು. ‘ಟೊ’ ಎಂದರೆ ‘ಕಡೆಗೆ’. ಅದರ ಮುಂದಿನ ಪದ ಚತುರ್ಥಿ ವಿಭಕ್ತಿಯಲ್ಲಿ. ನಮ್ಮ ‘ಕುಡಿಯುವುದಕ್ಕೆ’ಯಲ್ಲಿ ‘ಕ್ಕೆ’ ಮಾಡುವ ಕೆಲಸವೂ ಇದೇ.

ಕಾಲ ಕಳೆದಂತೆ ಪ್ರತ್ಯಯಗಳು ಸವೆದು ‘ಡ್ರಿಂಕನ್’ ಬರೀ ‘ಡ್ರಿಂಕ್’ ಆಯಿತು. ಬಾಲ ಉದುರಿದ ಪದಕ್ಕೆ ‘ಟು’ ಗುರುತಾಗಿ ಮುಂದೆ ಬಂದು ನಿಂತಿತು. ಕ್ಯಾನ್, ಮಸ್ಟ್, ಶಲ್‌ಗಳ ಜೊತೆಗೆ ಮಾತ್ರ ಹಳೆಯ ಪದ್ಧತಿಯೇ ಉಳಿಯಿತು. ಹುಡುಗಿ ಎಡವಿದ್ದು ಇಲ್ಲೇ.

1586ರಲ್ಲಿ ವಿಲಿಯಂ ಬುಲೊಕರ್ ಇಂಗ್ಲಿಷಿನ ಮೊದಲ ವ್ಯಾಕರಣ ಅಚ್ಚು ಹಾಕಿಸಿದಾಗ ಎದುರಿಗಿದ್ದ ಮಾದರಿ ಲ್ಯಾಟಿನ್ನಿನದು. ಲ್ಯಾಟಿನ್ ನಿಘಂಟುಗಳು ಕ್ರಿಯಾಪದವನ್ನು ಕರೆಯುವುದು ‘ಅಮೋ’ ಎಂದು, ಅಂದರೆ ‘ಪ್ರೀತಿಸುತ್ತೇನೆ’. ಇಂಗ್ಲಿಷಿನಲ್ಲಿ ಆ ಜಾಗಕ್ಕೆ ‘ಟು’ ಬಂತು: ತಮ್ಮ 1755ರ ಇಂಗ್ಲಿಷ್ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ‘ಟು ಅಬ್ಯಾಂಡನ್’ ಎಂದು ಅಚ್ಚು ಮಾಡಿದರು. ಆದರೆ ಅದನ್ನು ಜೋಡಿಸಿದ್ದು ‘ಎ’ ಅಕ್ಷರದ ಕೆಳಗೆ! ಮುಖಕ್ಕೆ ‘ಟು’ ಹಚ್ಚಿದವರೇ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. 1828ರಲ್ಲಿ ಅಮೆರಿಕದ ನೋಹ್ ವೆಬ್‌ಸ್ಟರ್ ಅದನ್ನು ತಲೆಪದದಿಂದಲೇ ಕೈಬಿಟ್ಟರು.

ಕಿಟ್ಟೆಲರ 1894ರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಎರಡು ಪದ್ಧತಿಗಳೂ ಒಂದೇ ಸಾಲಿನಲ್ಲಿ ಕೂತಿವೆ: ಕನ್ನಡದ ಕಡೆ ಬರೀ ‘ಮಾಡು’, ಇಂಗ್ಲಿಷಿನ ಕಡೆ ‘ಟು ಡೂ’. ನಮ್ಮಲ್ಲಿ ಕ್ರಿಯಾಪದಕ್ಕೆ ಹೆಸರು ಅದರ ಧಾತುವೇ. ಪಾಣಿನಿಯ ಪರಂಪರೆಯಲ್ಲಿ ಧಾತುಪಾಠವಿದೆ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡದ ಧಾತುಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟ.

‘ಗೋ-ವೆಂಟ್-ಗಾನ್’ ಎಂದು ಶಾಲೆಯಲ್ಲಿ ರಾಗವಾಗಿ ಒಪ್ಪಿಸುವಾಗ ನಾವು ಹಿಡಿಯುವುದೂ ಆ ದಾರಿಯನ್ನೇ. ಅಲ್ಲಿ ‘ಟು’ ಸುಳಿಯುವುದಿಲ್ಲ. ವಿವರಿಸುವಾಗಲೂ ಹಾಗೆಯೇ ಕರೆದರೆ ಸರಿ: ‘ಗೋ’ ಧಾತು, ‘ಟು’ ನಮ್ಮ ‘ಕ್ಕೆ’. ಇಷ್ಟು ಹೇಳಿಕೊಟ್ಟರೆ ಆ ಹುಡುಗಿ ತನ್ನ ವಾಕ್ಯವನ್ನು ತಾನೇ ತಿದ್ದಿಕೊಂಡಾಳು. ‘ಹೋಗುವುದಕ್ಕೆ ಬಲ್ಲೆ’ ಎಂದು ಕನ್ನಡದಲ್ಲಿ ಅವಳು ಎಂದೂ ಹೇಳಿದವಳಲ್ಲ.