ಟ್ರೈಟನ್: ಅಪ್ಪನ ಬೈಕ್ ಯಾವ ಕಂಪನಿಯದು?

ಎಂಜಿನ್ ಟ್ರಯಂಫ್, ಫ್ರೇಮ್ ನಾರ್ಟನ್. ಇಂಗ್ಲೆಂಡಿನ ಎಷ್ಟೋ ಅಪ್ಪಂದಿರು ಶೆಡ್ಡಿನಲ್ಲಿ ತಾವೇ ಜೋಡಿಸಿದ ಈ ಬೈಕಿನ ಹೆಸರು ಟ್ರೈಟನ್. ಹೆಸರೂ ಅರ್ಧರ್ಧ ಅಂಟಿಸಿದ್ದೇ!

ನಾರ್ಟನ್‌ನ ‘ಫೆದರ್‌ಬೆಡ್’ ಫ್ರೇಮ್ 1950ರಲ್ಲಿ ರೇಸಿಗಿಳಿಯಿತು. ತಿರುವಿನಲ್ಲಿ ಗಾಡಿ ಗಟ್ಟಿಯಾಗಿ ನಿಲ್ತಿತ್ತು. ಆದ್ರೆ ಪುಟ್ಟ 500 ಸಿಸಿ ರೇಸ್ ಕಾರಿನವರಿಗೆ ಬೇಕಿದ್ದದ್ದು ನಾರ್ಟನ್ ಎಂಜಿನ್ ಮಾತ್ರ. ಕಂಪನಿ ಅದನ್ನ ಬಿಡಿಯಾಗಿ ಕೊಡ್ತಿರಲಿಲ್ಲ. ಸರಿ, ಇಡೀ ಬೈಕ್ ಕೊಂಡು ಎಂಜಿನ್ ಬಿಚ್ಚಿಕೊಂಡರು. ಉಳಿದದ್ದು ಖಾಲಿ ಫ್ರೇಮ್.

ಅದರೊಳಗೆ ಟ್ರಯಂಫ್‌ನ ಎರಡು ಸಿಲಿಂಡರಿನ 650 ಸಿಸಿ ಎಂಜಿನ್ ಬಂದು ಕೂತಿತು. ಕೂತಿತು ಅನ್ನೋದು ಸುಲಭ! ಎಂಜಿನ್ ಹಿಡಿಯೋ ಪ್ಲೇಟುಗಳನ್ನ ಅಲ್ಯೂಮಿನಿಯಂನಲ್ಲಿ ಕೊಯ್ದು, ಉಜ್ಜಿ, ಚೈನ್ ನೇರ ಬರೋ ತನಕ ಮತ್ತೆ ಮತ್ತೆ ಕೂರಿಸಿ ನೋಡಬೇಕು.

ಅದಕ್ಕೇ ಒಂದು ಟ್ರೈಟನ್ ಇನ್ನೊಂದರ ಹಾಗಿರಲ್ಲ. ಬಿಡಿಭಾಗ ಬೇಕಾ? ಅಪ್ಪನನ್ನೇ ಕೇಳಬೇಕು.